ಸೈಡ್‌ವಾಲ್ ಸೀಳಿದ ರೋಡ್ ಬೈಕ್ ಟೈರು: ರಿಪೇರಿ ಆಗುತ್ತಾ, ಆಗಲ್ಲ ಅಂದ್ರೆ ಮುಂದೆ ಯಾವ್ದು ಹಾಕ್ಬೇಕು?

ಯಲಹಂಕದ ಓದುಗರೊಬ್ರು ಕೇಳಿದಾರೆ: "ಸರ್, ರಿಮ್ ಬ್ರೇಕ್ ರೋಡ್ ಬೈಕು, 25 ಎಂಎಂ ಟೈರು, ನನ್ನ ತೂಕ 78 ಕೆಜಿ. ಗಾಳಿ 110 ಪಿಎಸ್ಐ ಹಾಕ್ತೀನಿ. ನಂದಿಬೆಟ್ಟಕ್ಕೆ ಹೋಗ್ತಿದ್ದಾಗ ದೇವನಹಳ್ಳಿ ಆದ್ಮೇಲೆ ರೋಡಿನ ಅಂಚಲ್ಲಿ ಜಲ್ಲಿ ತಾಗಿ ಹಿಂದಿನ ಟೈರಿನ ಸೈಡು ಸುಮಾರು 8 ಎಂಎಂ ಸೀಳ್ತು. ಪಂಚರ್ ಅಂಗಡಿಯವರು ಒಳಗಿಂದ ಒಂದು ಟ್ಯೂಬ್ ಪ್ಯಾಚ್ ಅಂಟಿಸಿ ಕೊಟ್ರು, ಈಗ ಅಲ್ಲಿ ಗುಳ್ಳೆ ಥರ ಉಬ್ಬಿದೆ. ಟೈರು ಹೊಸದು, 1200 ಕಿ.ಮೀ. ಕೂಡ ಆಗಿಲ್ಲ. ಹೊಲಿಸಿದ್ರೆ ಅಥವಾ ಫೆವಿಕ್ವಿಕ್ ಹಾಕಿದ್ರೆ ನಡೆಯುತ್ತಾ? ಮುಂದಿನ ಟೈರು ಬೇರೆ ಪದೇ ಪದೇ ಸ್ಲೋ ಪಂಚರ್ ಆಗ್ತಿದೆ. ಗಟ್ಟಿ ಟೈರು ಯಾವ್ದು ತಗೊಳ್ಲಿ? ಒಬ್ರು ಮ್ಯಾರಥಾನ್ ಪ್ಲಸ್ ಅಂತಾರೆ, ಇನ್ನೊಬ್ರು ಟ್ಯೂಬ್‌ಲೆಸ್ ಮಾಡ್ಸಿ ಅಂತಾರೆ."

ಮೊದಲನೇ ಮಾತು, ಆ ಹಿಂದಿನ ಟೈರಲ್ಲಿ ಇನ್ನೊಂದು ರೈಡ್ ಹೋಗ್ಬೇಡಿ. ನಂದಿ ಇಳಿಯೋದಂತೂ ಬೇಡ್ವೇ ಬೇಡ. 1200 ಕಿ.ಮೀ. ಟೈರು ಎಸೆಯೋಕೆ ಹೊಟ್ಟೆ ಉರಿಯುತ್ತೆ, ಗೊತ್ತು, ಆದ್ರೆ ಉಬ್ಬಿದ ಟೈರು ಅಂದ್ರೆ ಅದ್ರ ಕಥೆ ಮುಗೀತು ಅಂತಾನೇ ಅರ್ಥ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ತಲೆಗೆ ಹೋದ್ರೆ ಮುಂದೆ ಟೈರು ಆರಿಸೋದೂ ಸುಲಭ ಆಗುತ್ತೆ.

ಟೈರು ಅಂದ್ರೆ ನಾವು ರಬ್ಬರು ಅಂದ್ಕೊಂಡಿರ್ತೀವಿ. ಗಾಳಿ ಒತ್ತಡ ತಡ್ಕೊಳೋದು ರಬ್ಬರಲ್ಲ, ಒಳಗಿರೋ ನೈಲಾನ್ ದಾರದ ಬಟ್ಟೆ, ಅದಕ್ಕೆ ಕೇಸಿಂಗ್ ಅಂತಾರೆ. ದಾರಗಳು ಒಂದು ಬೀಡಿಂದ (ರಿಮ್ಮಿಗೆ ಸಿಕ್ಕಿ ಕೂರೋ ಟೈರಿನ ಗಟ್ಟಿ ಅಂಚು) ಇನ್ನೊಂದು ಬೀಡಿಗೆ ಓರೆಯಾಗಿ ಹೋಗಿರ್ತವೆ, ಅದ್ರ ಮೇಲೆ ರೋಡಿಗೆ ತಾಗೋ ಕಡೆ ದಪ್ಪ ರಬ್ಬರು, ಪಕ್ಕದಲ್ಲಿ ತೆಳ್ಳಗೆ ಒಂದು ಲೇಪ ಅಷ್ಟೇ. ನೀವು ಹಾಕೋ 110 ಪಿಎಸ್ಐ ಗಾಳೀಲಿ, 25 ಎಂಎಂ ಟೈರಲ್ಲಿ, ಕೇಸಿಂಗಿನ ಒಂದೊಂದು ಸೆಂಟಿಮೀಟರ್ ಮೇಲೂ ಹತ್ತತ್ರ 10 ಕೆಜಿ ಎಳೆತ ಇರುತ್ತೆ, ಬೈಕ್ ಗೋಡೆಗೆ ಒರಗಿಸಿ ಸುಮ್ನೆ ನಿಂತಿದ್ರೂ ಅಷ್ಟೇ. 8 ಎಂಎಂ ಸೀಳಿದ್ರೆ ಅಲ್ಲಿನ ದಾರಗಳು ಹೊರ್ತಿದ್ದ ಏಳೆಂಟು ಕೆಜಿ ಭಾರ ಈಗ ಸೀಳಿನ ಎರಡು ತುದಿಯ ದಾರಗಳ ಮೇಲೆ ಬಿತ್ತು. ಚಕ್ರ ಒಂದು ಸುತ್ತು ತಿರುಗಿದಾಗ್ಲೆಲ್ಲ ಆ ಜಾಗ ಒಂದ್ಸಲ ಮಡಚಿಕೊಂಡು ಬಿಚ್ಚುತ್ತೆ, ಅಂಚಿನ ದಾರ ಒಂದೊಂದೇ ಹೋಗ್ತಾ ಇರುತ್ತೆ, ಸೀಳು ಬೆಳೀತಾ ಹೋಗುತ್ತೆ, ಕೊನೆಗೊಂದಿನ ಟ್ಯೂಬು ಹೊರಗೆ ಬಂದು ಡಬ್ ಅನ್ನುತ್ತೆ. ಅದು ಆಗೋದು ಮನೆ ಮುಂದೆ ಅಲ್ಲ, ಒತ್ತಡ ಜಾಸ್ತಿ ಇರೋವಾಗ, ಬಿಸಿಲಲ್ಲಿ, ಗುಂಡಿಗೆ ಬಿದ್ದಾಗ, ಇಳಿಜಾರಲ್ಲಿ ಬ್ರೇಕ್ ಹಿಡಿದು ರಿಮ್ ಕಾದಾಗ.

ಅಂಗಡಿಯವರು ಹಾಕಿದ ಟ್ಯೂಬ್ ಪ್ಯಾಚ್ ಯಾಕೆ ಕೆಲ್ಸ ಮಾಡ್ಲಿಲ್ಲ ಅಂದ್ರೆ ಅದು ಹಿಗ್ಗೋ ರಬ್ಬರು. ಟ್ಯೂಬಿಗೆ ಅದೇ ಬೇಕು, ಟ್ಯೂಬ್ ಹಿಗ್ಗಿದಂಗೆ ಪ್ಯಾಚೂ ಹಿಗ್ಗಬೇಕು. ಟೈರಿನ ಸೀಳಿಗೆ ಮಾತ್ರ ಹಿಗ್ಗದೇ ಇರೋ ವಸ್ತು ಬೇಕು. ಇದನ್ನ ಬೂಟ್ ಅಂತಾರೆ, ನಮ್ ಕಡೆ ಕೆಲವು ಪಂಚರ್ ಅಂಗಡೀಲಿ ಗೇಟರ್ ಅಂತಾರೆ. ಹಳೇ ರೋಡ್ ಟೈರಿನ ಸೈಡ್‌ವಾಲ್ ಕತ್ತರಿಸಿಟ್ಕೊಂಡ್ರೆ ಅದಕ್ಕಿಂತ ಒಳ್ಳೇ ಬೂಟ್ ಇಲ್ಲ: ಸುಮಾರು 4 ಸೆಂ.ಮೀ. ಉದ್ದದ ತುಂಡು, ಬೀಡ್ ಇರೋ ಭಾಗ ತೆಗೆದು, ಅಂಚನ್ನ ಎಮರಿ ಪೇಪರಲ್ಲಿ ಉಜ್ಜಿ ತೆಳು ಮಾಡಿ. ಅಂಚು ದಪ್ಪ ಬಿಟ್ರೆ ಅದೇ ಟ್ಯೂಬನ್ನ ಉಜ್ಜಿ ತೂತು ಮಾಡುತ್ತೆ. ಸೀಳಿನ ಎಲ್ಲಾ ಕಡೆಗೂ ಸಾಕಷ್ಟು ಜಾಸ್ತಿ ಇರಲಿ, ಟೈರಿನ ಒಳಮೈ ಒರೆಸಿ ಸಲ್ಯೂಷನ್ ಹಚ್ಚಿ ಕೂರಿಸಿ. ಅಂಟು ಅಲ್ಲಿ ಜಾರದೇ ಇರೋಕೆ ಮಾತ್ರ, ಆಮೇಲೆ ಟ್ಯೂಬಿನ ಗಾಳಿನೇ ಅದನ್ನ ಗಟ್ಟಿಯಾಗಿ ಒತ್ತಿ ಹಿಡ್ಕೊಳುತ್ತೆ. ದಾರೀಲಿ ಏನೂ ಇಲ್ಲ ಅಂದ್ರೆ ಹಾಲು ಜ್ಯೂಸು ಬರೋ ಟೆಟ್ರಾ ಪ್ಯಾಕ್ ತುಂಡು, ಟೂತ್‌ಪೇಸ್ಟ್ ಟ್ಯೂಬಿನ ತುಂಡು, ಎನರ್ಜಿ ಜೆಲ್ ಕವರ್ ಎರಡು ಮಡಿಕೆ, ಇವೆಲ್ಲ ಮನೆ ಮುಟ್ಟಿಸ್ತವೆ. ಪಾರ್ಕ್ ಟೂಲ್‌ನವರದ್ದು ಅಂಟಿಸೋ ರೆಡಿ ಬೂಟೂ ಸಿಗುತ್ತೆ, ಸೀಟ್ ಬ್ಯಾಗಲ್ಲಿ ಜಾಗಾನೇ ಹಿಡಿಯಲ್ಲ, ಒಂದು ಇಟ್ಕೊಳ್ಳಿ.

ಆದ್ರೆ ಬೂಟ್ ಹಾಕಿದ ಟೈರು ಮನೆವರೆಗೆ ಮಾತ್ರ. ಗಾಳಿ ಹದಿನೈದಿಪ್ಪತ್ತು ಪಿಎಸ್ಐ ಕಮ್ಮಿ ಮಾಡಿ, ನಿಧಾನಕ್ಕೆ ಬನ್ನಿ, ಆಗಾಗ ನಿಲ್ಸಿ ಬೆರಳಾಡಿಸಿ ನೋಡಿ. ಬೂಟ್ ಹಾಕ್ಕೊಂಡೇ ಸಾವಿರಾರು ಕಿಲೋಮೀಟರ್ ಓಡಿಸಿದೀವಿ ಅನ್ನೋರು ಸಿಗ್ತಾರೆ, ಸಣ್ಣ ಸೀಳಿಗೆ ಅದು ನಡೆದಿರಲೂಬಹುದು, 8 ಎಂಎಂ ಸೈಡ್‌ವಾಲ್ ಸೀಳಿಗೆ ನಾನು ಒಪ್ಪಲ್ಲ. ಹೊಲಿಯೋದೂ ಬೇಡ: ಸೂಜಿ ಚುಚ್ಚಿದ ಕಡೆಯೆಲ್ಲ ಇನ್ನಷ್ಟು ದಾರ ಕತ್ತರಿಸುತ್ತೆ, ಎಳೆತ ಪೂರ್ತಿ ಆ ಹೊಲಿಗೆ ತೂತುಗಳ ಮೇಲೆ ಬೀಳುತ್ತೆ. ಫೆವಿಕ್ವಿಕ್ ಒಣಗಿದ್ರೆ ಗಾಜಿನಂಗೆ ಪೆಡಸಾಗುತ್ತೆ, ಸೈಡ್‌ವಾಲ್ ದಿನವೆಲ್ಲ ಬಗ್ಗೋ ಜಾಗ, ಎರಡು ಕಿಲೋಮೀಟರಿಗೆ ಸೀಳಿ ಬಿಡುತ್ತೆ. ಫೆವಿಕ್ವಿಕ್ಕಿಗೂ ಒಂದು ಜಾಗ ಇದೆ: ಟ್ರೆಡ್ ಮೇಲೆ, ಅಂದ್ರೆ ರೋಡಿಗೆ ತಾಗೋ ರಬ್ಬರಲ್ಲಿ ಗಾಜಿನ ಚೂರಿಂದ ಆದ ಸಣ್ಣ ಕಟ್. ಒಳಗಿನ ಮಣ್ಣು ಸೂಜೀಲಿ ತೆಗೆದು, ಒಂದು ಹನಿ ಬಿಟ್ಟು ಒತ್ತಿ ಹಿಡಿದ್ರೆ ಮತ್ತೆ ಕಲ್ಲು ಹೋಗಿ ಕೂರಲ್ಲ. ಅದು ಬಲ ಕೊಡಲ್ಲ, ಬಾಗಿಲು ಮುಚ್ಚುತ್ತೆ ಅಷ್ಟೇ.

ಅದಕ್ಕೇ ಕಟ್ ಕಂಡ್ರೆ ಗಾಬರಿ ಬೀಳೋ ಮುಂಚೆ ಅದು ಎಲ್ಲಿದೆ, ಎಷ್ಟು ಆಳ ಇದೆ ನೋಡ್ಬೇಕು. ಗಾಳಿ ಅರ್ಧ ಇಳಿಸಿ, ಎರಡು ಹೆಬ್ಬೆರಳಲ್ಲಿ ಆ ಜಾಗನ ಅಗಲಿಸಿ ಬೆಳಕಿಗೆ ಹಿಡೀರಿ. ಕಪ್ಪು ರಬ್ಬರು ಮಾತ್ರ ಕಾಣಿಸ್ತಿದ್ರೆ ಅದು ಮೇಲ್ಮೇಲಿನ ಗಾಯ, ಓಡಿಸಿ. ಬಿಳಿ ಅಥವಾ ಹಳದಿ ಎಳೆ ಕಾಣಿಸಿ, ಆ ಎಳೆ ತುಂಡಾಗದೇ ಇದ್ರೆ ಕಣ್ಣಿಟ್ಟಿರಿ. ಎಳೆ ತುಂಡಾಗಿ ಬ್ರಷ್ಷಿನಂಗೆ ಹೊರಗೆ ಬಂದಿದ್ರೆ ಟ್ರೆಡ್ ಮೇಲಾದ್ರೂ ಅನುಮಾನ, ಸೈಡ್‌ವಾಲಲ್ಲಾದ್ರೆ ಎಸೀರಿ. ಇನ್ನೊಂದು ವಿಷ್ಯ, ಸೈಡ್‌ವಾಲಲ್ಲಿ ಸೀಳಿನ ಬದಲು ಸುತ್ತಲೂ ಗೀರು ಎಳೆದಂಗೆ ಒಂದು ಗೆರೆ ಇದ್ರೆ ಅದು ಕಲ್ಲಿನ ಕೆಲ್ಸ ಅಲ್ಲ, ಬ್ರೇಕ್ ಪ್ಯಾಡ್ ಮೇಲಕ್ಕೆ ಕೂತು ಟೈರನ್ನ ತಿಂತಿದೆ ಅಂತ. ನಿಮ್ದು ರಿಮ್ ಬ್ರೇಕ್, ಆದ್ರಿಂದ ಹೊಸ ಟೈರು ಹಾಕೋ ಮುಂಚೆ ಇದನ್ನ ನೋಡ್ಲೇಬೇಕು: ಬ್ರೇಕ್ ಹಿಡಿದಾಗ ಪ್ಯಾಡ್ ಪೂರ್ತಿ ಅಲ್ಯೂಮಿನಿಯಂ ಮೇಲೇ ಕೂರ್ಬೇಕು, ಪ್ಯಾಡಿನ ಮೇಲಂಚಿಗೂ ಟೈರಿಗೂ ಮಧ್ಯೆ ಒಂದು ಮಿಲಿಮೀಟರ್ ಆದ್ರೂ ರಿಮ್ ಕಾಣ್ಬೇಕು. ಇದನ್ನ ಬಿಟ್ರೆ ಎಷ್ಟು ದುಡ್ಡಿನ ಟೈರಾದ್ರೂ ತಿಂಗಳಲ್ಲಿ ಹಾಳು.

ಈಗ ಮುಂದಿನ ಚಕ್ರದ ಸ್ಲೋ ಪಂಚರ್. ಪ್ಯಾಚ್ ಹಾಕಿದ್ರೂ ಎರಡು ದಿನಕ್ಕೆ ಮತ್ತೆ ಗಾಳಿ ಇಳೀತಿದೆ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ಚುಚ್ಚಿದ ವಸ್ತು ಇನ್ನೂ ಟೈರಲ್ಲೇ ಇದೆ. ಹೈವೇ ಅಂಚಲ್ಲಿ ಓಡಿಸೋರಿಗೆ ಇದ್ರಲ್ಲಿ ಮೊದಲ ಶತ್ರು ಲಾರಿ ಟೈರಿನ ತಂತಿ. ಲಾರಿ ಟೈರುಗಳ ಒಳಗೆ ಸ್ಟೀಲ್ ತಂತಿ ಬಲೆ ಇರುತ್ತೆ, ಅವು ಒಡೆದು ಬಿದ್ದ ಕಡೆ ಕೂದಲಿನಷ್ಟು ಸಣ್ಣ ತಂತಿ ಚೂರುಗಳು ಶೋಲ್ಡರಲ್ಲೆಲ್ಲ ಚೆಲ್ಲಿರ್ತವೆ, ಬಳ್ಳಾರಿ ರೋಡಲ್ಲಿ ಹೆಬ್ಬಾಳದಿಂದ ಆಚೆಗೆ ಬೇಕಾದಷ್ಟು ಸಿಗುತ್ತೆ. ಆ ತಂತಿ ಟ್ರೆಡ್ಡಲ್ಲಿ ಹೂತು ಎರಡು ಮೂರು ಎಂಎಂ ಉದ್ದ ಮಾತ್ರ ಇರುತ್ತೆ, ಹೊರಗಿಂದ ಕಾಣಲ್ಲ, ಒಳಗೆ ಬೆರಳಾಡಿಸಿದ್ರೂ ಸಿಗಲ್ಲ, ನೀವು ಸೈಕಲ್ ಮೇಲೆ ಕೂತು ಟೈರು ಒತ್ತಿಕೊಂಡಾಗ ಮಾತ್ರ ತುದಿ ಒಳಗೆ ಬಂದು ಟ್ಯೂಬಿಗೆ ಚುಚ್ಚುತ್ತೆ. ಅದಕ್ಕೇ ಮನೇಲಿ ನೀರಲ್ಲಿ ಮುಳುಗಿಸಿ ನೋಡಿದ್ರೆ ಒಂದೊಂದೇ ಗುಳ್ಳೆ.

ಹುಡುಕೋ ದಾರಿ ಇದು. ಟ್ಯೂಬ್ ತೆಗೆಯೋ ಮುಂಚೆ ವಾಲ್ವ್ ಟೈರಿನ ಯಾವ ಅಕ್ಷರದ ಎದುರು ಇತ್ತು ಅಂತ ಗುರುತು ಇಟ್ಕೊಳ್ಳಿ. ನಾವು ಟೈರು ಕೂರಿಸೋವಾಗ ಲೋಗೋನ ವಾಲ್ವ್ ಪಕ್ಕಕ್ಕೇ ತರೋದು ಶೋಕಿಗಲ್ಲ, ಇದಕ್ಕೇ. ಟ್ಯೂಬಲ್ಲಿ ತೂತು ವಾಲ್ವಿಂದ ಎಷ್ಟು ದೂರ ಇದೆಯೋ ಟೈರಲ್ಲೂ ಅಷ್ಟೇ ದೂರದಲ್ಲಿ, ಎರಡೂ ಕಡೆಗೆ ಅಳೆದು ನೋಡಿ. ಆ ಜಾಗದಲ್ಲಿ ಒಳಗಡೆ ಹತ್ತಿ ಸವರಿ, ತಂತಿ ಇದ್ರೆ ಹತ್ತಿಯ ಎಳೆ ಸಿಕ್ಕಾಕ್ಕೊಳುತ್ತೆ. ಆಮೇಲೆ ಟೈರನ್ನ ಆ ಜಾಗದಲ್ಲಿ ಒಳಗಿನದು ಹೊರಗೆ ಬರೋ ಹಾಗೆ ಮಡಚಿ, ಮಿಣುಕ್ ಅಂತ ತುದಿ ಕಾಣುತ್ತೆ, ಉಗುರು ಕತ್ತರಿಸೋ ಕಟರಲ್ಲೋ ಚಿಮಟದಲ್ಲೋ ಹಿಡಿದು ಎಳೀರಿ. ನಂದಿ ಆಚೆ ಬಯಲು ಕಡೆಗೆ ಹೋದ್ರೆ ನೆಗ್ಗಿಲು ಮುಳ್ಳು, ಜಾಲಿ ಮುಳ್ಳು ಸಿಗ್ತವೆ, ಅವೂ ಇದೇ ಥರ ತುದಿ ಮುರಿದು ಒಳಗೇ ಉಳ್ಕೊಳ್ತವೆ.

ತೂತಿನ ಜಾಗಾನೂ ಕಥೆ ಹೇಳುತ್ತೆ. ಟ್ಯೂಬಿನ ಹೊರಮೈಲಿ ಒಂದೇ ತೂತು ಇದ್ರೆ ಮುಳ್ಳು ಅಥವಾ ತಂತಿ. ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ರೆ ಗುಂಡಿಗೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ಮಧ್ಯೆ ಟ್ಯೂಬ್ ಸಿಕ್ಕಿದೆ, ಅಂದ್ರೆ ಗಾಳಿ ಕಮ್ಮಿ ಇತ್ತು. ಒಳಗಡೆ, ಸ್ಪೋಕ್ ಕಡೆಗೆ ತೂತಿದ್ರೆ ರಿಮ್ ಟೇಪ್ (ರಿಮ್ಮಿನ ಒಳಗೆ ಸ್ಪೋಕ್ ತೂತುಗಳನ್ನ ಮುಚ್ಚೋ ಪಟ್ಟಿ) ಸರಿದಿದೆ, ಅದನ್ನ ಬದಲಿಸದೆ ಎಷ್ಟು ಟ್ಯೂಬ್ ಹಾಕಿದ್ರೂ ಪ್ರಯೋಜನ ಇಲ್ಲ. ವಾಲ್ವಿನ ಬುಡದಲ್ಲಿ ಹರಿದಿದ್ರೆ ಪಂಪ್ ಹೊಡೆಯೋವಾಗ ಅಲ್ಲಾಡಿಸಿದ್ದು, ಅದಕ್ಕೆ ಪ್ಯಾಚ್ ನಿಲ್ಲಲ್ಲ, ಹೊಸ ಟ್ಯೂಬೇ.

ಪ್ಯಾಚ್ ಹಾಕೋದ್ರಲ್ಲಿ ಎಲ್ರೂ ಅವಸರ ಮಾಡೋದು ಒಂದೇ ಜಾಗದಲ್ಲಿ. ಸಲ್ಯೂಷನ್ ಹಸಿ ಇದ್ದಂಗೇ ಪ್ಯಾಚ್ ಒತ್ತಿಬಿಡ್ತಾರೆ. ಎಮರಿಯಲ್ಲಿ ಉಜ್ಜಿ, ಪ್ಯಾಚಿಗಿಂತ ದೊಡ್ಡ ಜಾಗಕ್ಕೆ ತೆಳ್ಳಗೆ ಹಚ್ಚಿ, ಐದು ನಿಮಿಷ ಬಿಡಿ, ಹೊಳಪು ಹೋಗಿ ಮಂಕಾಗ್ಬೇಕು, ಬೆರಳಿಗೆ ಅಂಟಬಾರ್ದು. ಆಮೇಲೆ ಒತ್ತಿ. ಸಲ್ಯೂಷನ್ನು ಪ್ಯಾಚಿನ ಕೆಳಗಿನ ರಬ್ಬರ್ ಜೊತೆ ಬೆರೆತು ಒಂದೇ ಆಗ್ಬೇಕಾದ್ರೆ ಅದ್ರಲ್ಲಿರೋ ದ್ರಾವಕ ಮೊದ್ಲು ಹಾರಿಹೋಗ್ಬೇಕು. ನಮ್ಮ ಪಂಚರ್ ಅಂಗಡಿಯವರ ಕೈಚಳಕದ ಬಗ್ಗೆ ನಂಗೆ ಗೌರವ ಇದೆ, ಬೆಳಿಗ್ಗೆ ಆರಕ್ಕೇ ಬಾಗಿಲು ತೆಗೆದು ಕೂತಿರ್ತಾರೆ, ಆದ್ರೆ ಅವ್ರ ಕೈ ಪಳಗಿರೋದು ಸ್ಕೂಟರಿನ, ಸಾದಾ ಸೈಕಲಿನ ದಪ್ಪ ಟ್ಯೂಬಿಗೆ. ರೋಡ್ ಬೈಕಿನ ಟ್ಯೂಬು ಒಂದು ಮಿಲಿಮೀಟರೂ ದಪ್ಪ ಇರಲ್ಲ, ಕಬ್ಬಿಣದ ಲಿವರ್ ಹಾಕಿ ಎಬ್ಬಿಸಿದ್ರೆ ಹೊಸ ತೂತು ಗ್ಯಾರಂಟಿ, ರಿಮ್ಮೂ ಕೆರೆಯುತ್ತೆ. ನಿಮ್ಮ ಪ್ಲಾಸ್ಟಿಕ್ ಲಿವರ್ ಅವ್ರ ಕೈಗೆ ಕೊಡಿ, ಇಲ್ಲಾ ನೀವೇ ಬಿಚ್ಚಿ ಟ್ಯೂಬ್ ಮಾತ್ರ ಕೊಡಿ. ಅವ್ರ ಕಂಪ್ರೆಸರ್ ನಮ್ಮ ಸಣ್ಣ ಪ್ರೆಸ್ಟಾ ವಾಲ್ವಿಗೆ ಕೂರಲ್ಲ, ಸ್ಕೂಟರ್ ವಾಲ್ವ್ ಅಳತೆಗೆ ತರೋ ಹಿತ್ತಾಳೆ ಅಡಾಪ್ಟರ್ ಒಂದು ಯಾವಾಗ್ಲೂ ವಾಲ್ವಿನ ಮೇಲೇ ತಿರುಗಿಸಿಟ್ಟಿರಿ.

ಈಗ ಹೊಸ ಟೈರಿನ ವಿಷ್ಯಕ್ಕೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ನೀವು ಮೊದ್ಲು ಬದಲಾಯಿಸಬೇಕಾಗಿರೋದು ಬ್ರ್ಯಾಂಡ್ ಅಲ್ಲ, ಅಗಲ ಮತ್ತು ಗಾಳಿ. ಟೈರಿನ ಮೇಲೆ 120 ಅಂತ ಬರೆದಿದ್ರೆ ಅದು ದಾಟಬಾರದ ಗಡಿ, ಹಾಕ್ಬೇಕಾದ ಅಳತೆ ಅಲ್ಲ. 78 ಕೆಜಿಗೆ, 25 ಎಂಎಂಗೆ, ನಮ್ ರೋಡಲ್ಲಿ 110 ಜಾಸ್ತಿ. ಟೈರು ಕಲ್ಲಿನ ಹಾಗೆ ಗಟ್ಟಿ ಇದ್ದಾಗ ಜಲ್ಲಿಯ ಚೂಪು ಅಂಚು ಎದುರಾದ್ರೆ ಅದು ಬಗ್ಗಿ ಜಾಗ ಬಿಡಲ್ಲ, ಮೊದಲೇ ಬಿಗಿದಿರೋ ದಾರ ತಟ್ ಅಂತ ಕತ್ತರಿಸುತ್ತೆ. 25 ಎಂಎಂಗೆ ಹಿಂದೆ 90-95, ಮುಂದೆ 80-85 ಸಾಕು. ಬೈಕಲ್ಲಿ ಜಾಗ ಇದ್ರೆ 28 ಎಂಎಂಗೆ ಹೋಗಿ, ಆಗ ಹಿಂದೆ 75-80, ಮುಂದೆ 70ರ ಆಸುಪಾಸು. ಸ್ಪೀಡ್ ಹೋಗುತ್ತೆ ಅನ್ನೋ ಭಯ ಬೇಡ, ಕೆಟ್ಟ ರೋಡಲ್ಲಿ ಮೈ ಕುಲುಕಿ ಹೋಗೋ ಶಕ್ತಿ ಉಳಿಯುತ್ತೆ. ಗಾಳಿ ಪ್ರತೀ ರೈಡಿಗೂ ಮುಂಚೆ ಗೇಜ್ ಇರೋ ಫ್ಲೋರ್ ಪಂಪಲ್ಲಿ ನೋಡಿ, ಹೆಬ್ಬೆರಳಲ್ಲಿ ಒತ್ತಿ ನೋಡೋದ್ರಿಂದ 70ಕ್ಕೂ 100ಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಜಾಗ ಇದ್ಯಾ ಅಂತ ನೋಡೋದು ಹೇಗೆ: ಈಗಿನ 25 ಎಂಎಂ ಟೈರಿಗೂ ಬ್ರೇಕಿನ ಕಮಾನಿಗೂ, ಫೋರ್ಕಿಗೂ, ಹಿಂದಿನ ಚೈನ್ ಸ್ಟೇಗೂ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗೋ ಫ್ರೇಮಿನ ಪೈಪು) ಮಧ್ಯೆ 5-6 ಎಂಎಂ ಗ್ಯಾಪ್ ಇದ್ರೆ 28 ಕೂರುತ್ತೆ. ಹಳೇ ಮಾಡೆಲ್ ರಿಮ್ ಬ್ರೇಕ್ ಬೈಕುಗಳಲ್ಲಿ ಕೆಲವು 25ಕ್ಕೇ ಮುಗಿದುಬಿಡುತ್ತೆ, ಒತ್ತಾಯ ಮಾಡ್ಬೇಡಿ, ಮಳೇಲಿ ಮಣ್ಣು ಸಿಕ್ಕಿ ಚಕ್ರ ಹಿಡಿಯುತ್ತೆ. ಅಗಲ ರಿಮ್ ಇದ್ರೆ 28 ಅಂತ ಬರೆದಿರೋದು 29, 30 ಆಗಿ ಉಬ್ಬೋದೂ ಉಂಟು. ಅಳತೆ ಹುಡುಕೋವಾಗ 28-622 ಅನ್ನೋ ನಂಬರ್ ನೋಡಿ ತಗೊಳ್ಳಿ, 622 ಅಂದ್ರೆ ಬೀಡ್ ಕೂರೋ ವ್ಯಾಸ ಮಿಲಿಮೀಟರಲ್ಲಿ, ಅದ್ರಲ್ಲಿ ಗೊಂದಲ ಆಗಲ್ಲ.

ಡಬ್ಬದ ಮೇಲೆ ಬರೆದಿರೋ ಮಾತುಗಳಲ್ಲಿ ಎಚ್ಚರ ಬೇಕಾದ್ದು ಮೂರಿದೆ. ಪಂಚರ್ ಪ್ರೊಟೆಕ್ಷನ್ ಅಂತ ಇರೋ ಬೆಲ್ಟ್ ಟ್ರೆಡ್ ಕೆಳಗೆ ಮಾತ್ರ ಇರುತ್ತೆ, ನಿಮ್ಮ ಥರ ಸೈಡ್ ಸೀಳೋದಕ್ಕೆ ಅದು ಏನೂ ಮಾಡಲ್ಲ. ಕೆವ್ಲಾರ್ ಅಂತ ಕಂಡ್ರೆ ಖುಷಿ ಪಡ್ಬೇಡಿ, ಎಷ್ಟೋ ಟೈರಲ್ಲಿ ಅದು ಬೀಡಲ್ಲಿ ಮಾತ್ರ, ತಂತಿ ಬದಲು ಹಾಕಿರೋದ್ರಿಂದ ಟೈರು ಮಡಚೋಕೆ ಬರುತ್ತೆ ಅಷ್ಟೇ, ಮುಳ್ಳಿಗೂ ಅದಕ್ಕೂ ಸಂಬಂಧ ಇಲ್ಲ. ಟಿಪಿಐ, ಅಂದ್ರೆ ಇಂಚಿಗೆ ಎಷ್ಟು ದಾರ ಅನ್ನೋ ಲೆಕ್ಕ, ಜಾಸ್ತಿ ಇದ್ರೆ ಗಟ್ಟಿ ಅಂತ ಅಂಗಡೀಲಿ ಹೇಳ್ತಾರೆ, ಆದ್ರೆ ದಾರ ಜಾಸ್ತಿ ಅಂದ್ರೆ ಒಂದೊಂದು ದಾರ ಸಣ್ಣ, ಟೈರು ಮೆತ್ತಗೆ ಚೆನ್ನಾಗಿ ಉರುಳುತ್ತೆ, ಕಟ್ ಆಗೋದೂ ಬೇಗ.

ಹಾಗಾಗಿ ನಿಮಗೆ ಬೇಕಾಗಿರೋದು ಸೈಡ್‌ವಾಲಿಗೂ ಒಂದು ಪದರ ಇರೋ ಟೈರು. ಕಾಂಟಿನೆಂಟಲ್ ಗೇಟರ್‌ಸ್ಕಿನ್ ಇದಕ್ಕೇ ಹೆಸರಾದದ್ದು, ಪಕ್ಕದಲ್ಲಿ ಕಂದು ಬಣ್ಣದ ಬಲೆ ಥರ ಕಾಣುತ್ತಲ್ಲ, ಅದೇ ಡ್ಯೂರಾಸ್ಕಿನ್ ಅನ್ನೋ ಪದರ. ವರ್ಷಗಟ್ಲೆ ಬರುತ್ತೆ, ಆದ್ರೆ ರಬ್ಬರು ಗಟ್ಟಿ, ಒದ್ದೆ ರೋಡಲ್ಲಿ ಹಿಡಿತ ಕಮ್ಮಿ, ಮಳೆಗಾಲದಲ್ಲಿ ನಂದಿ ತಿರುವುಗಳನ್ನ ಇಳಿಯೋರಿಗೆ ನಾನು ಅದನ್ನ ಕೊಡಲ್ಲ. ಅದೇ ಕಂಪನಿಯ ಗ್ರ್ಯಾಂಡ್ ಪ್ರಿ 4-ಸೀಸನ್ ನನ್ನ ಮೊದಲ ಆಯ್ಕೆ: ಅದೇ ಸೈಡ್ ಪದರ ಇದೆ, ಟ್ರೆಡ್ ಕೆಳಗೆ ಎರಡು ಪದರ ವೆಕ್ಟ್ರಾನ್ ಇದೆ, ಒದ್ದೆಯಲ್ಲೂ ಹಿಡಿಯುತ್ತೆ. ವೆಕ್ಟ್ರಾನ್ ಅಂದ್ರೆ 1997ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪಾತ್‌ಫೈಂಡರ್ ನೌಕೆಯ ಏರ್‌ಬ್ಯಾಗಿಗೆ ಬಳಸಿದ ನಾರು, ಕಲ್ಲಿನ ಮೇಲೆ ಪುಟಿದ್ರೂ ಹರೀಬಾರ್ದು ಅಂತ. ಬೆಲೆ ಜಾಸ್ತಿನೇ, ನಿಮ್ಮ ಬಜೆಟ್ ದಾಟಬಹುದು, ಆಗ ಗೇಟರ್‌ಸ್ಕಿನ್ 28 ತಗೊಂಡು ಗಾಳಿ ಕಮ್ಮಿ ಇಟ್ಟು ಓಡಿಸಿ, ಮಳೇಲಿ ನಿಧಾನ ಇರಿ. ಗ್ರ್ಯಾಂಡ್ ಪ್ರಿ 5000 ತುಂಬಾ ಒಳ್ಳೇ ಟೈರು, ವೇಗ ಇದೆ, ಹಿಡಿತ ಇದೆ, ಆದ್ರೆ ಸೈಡ್ ತೆಳು, ರೋಡಿನ ಅಂಚಿಗೆ ತಳ್ಳಿಸ್ಕೊಂಡು ಜಲ್ಲಿ ಮೇಲೆ ಇಳಿಯೋ ನಮಗೆ ದಿನದ ಬಳಕೆಗೆ ಅಲ್ಲ. ವಿಟ್ಟೋರಿಯಾ ರುಬಿನೋ ಪ್ರೋ ನಡುವಿನದು, ಸೈಡಿಗೆ ಅಂಥ ರಕ್ಷಣೆ ಇಲ್ಲದಿದ್ರೂ ದುಡ್ಡಿಗೆ ಮೋಸ ಇಲ್ಲ.

ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಬಗ್ಗೆ ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ, ಟ್ರೆಡ್ ಕೆಳಗೆ 5 ಎಂಎಂ ದಪ್ಪದ ರಬ್ಬರ್ ಪದರ ಇದೆ, ಮುಳ್ಳು ಟ್ಯೂಬ್ ಮುಟ್ಟೋದೇ ಕಷ್ಟ. ಆಫೀಸಿಗೆ ಹೋಗೋ ಸೈಕಲಿಗೆ, ಬ್ಯಾಗ್ ಹೇರ್ಕೊಂಡು ಟೂರ್ ಹೋಗೋರಿಗೆ ಅದನ್ನ ಕಣ್ಣು ಮುಚ್ಚಿ ಹೇಳ್ತೀನಿ. ಆದ್ರೆ ಒಂದೊಂದು ಟೈರು ಅರ್ಧ ಕೆಜಿ ದಾಟುತ್ತೆ, ಗ್ರ್ಯಾಂಡ್ ಪ್ರಿ 5000ರ ಎರಡರಷ್ಟಕ್ಕೂ ಮೇಲೆ, ನಂದಿ ಹತ್ತೋ ಖುಷಿಗೆ ರೋಡ್ ಬೈಕ್ ತಗೊಂಡೋರು ಅದನ್ನ ಹಾಕಿದ್ರೆ ಬೈಕಿನ ಜೀವಾನೇ ಹೋಗುತ್ತೆ. ಟ್ಯೂಬ್‌ಲೆಸ್ಸು ನಿಮಗೆ ಬೇಡ ಅಂತೀನಿ: ತಂತಿ, ಮುಳ್ಳಿನ ಸಣ್ಣ ತೂತುಗಳನ್ನ ಟೈರೊಳಗೆ ಹಾಕೋ ಸೀಲೆಂಟ್ ಅನ್ನೋ ದ್ರವ ತಾನೇ ಮುಚ್ಚುತ್ತೆ, ಅದು ನಿಜವಾದ ಅನುಕೂಲ, ಆದ್ರೆ 8 ಎಂಎಂ ಸೈಡ್ ಸೀಳನ್ನ ಅದೂ ಮುಚ್ಚಲ್ಲ, ಆಗ ದಾರೀಲಿ ಸೀಲೆಂಟ್ ಮೆತ್ಕೊಂಡು ಟ್ಯೂಬ್ ಹಾಕೋದು ನೀವೇ. ನಿಮ್ಮ ರಿಮ್ ಟ್ಯೂಬ್‌ಲೆಸ್ಸಿಗೆ ಮಾಡಿದ್ದಲ್ಲದಿದ್ರೆ ಆ ಪ್ರಯೋಗ ಅಪಾಯ ಕೂಡ. ನಮ್ಮ ಬಿಸಿಲಲ್ಲಿ ಸೀಲೆಂಟ್ ಎರಡು ಮೂರು ತಿಂಗಳಿಗೆ ಒಣಗುತ್ತೆ, ಮತ್ತೆ ಹಾಕ್ಬೇಕು.

ಹೊಸ ಟೈರು ಬಿಗಿ ಇರುತ್ತೆ, ಲಿವರ್ ಹಾಕಿ ಕೂರಿಸ್ಬೇಡಿ. ವಾಲ್ವಿನ ಎದುರು ಕಡೆಯಿಂದ ಶುರು ಮಾಡಿ, ಎರಡೂ ಕೈಯಲ್ಲಿ ಬೀಡನ್ನ ರಿಮ್ಮಿನ ಮಧ್ಯದ ಹಳ್ಳಕ್ಕೆ ತಳ್ತಾ ವಾಲ್ವಿನ ಹತ್ರ ಮುಗಿಸಿ, ಅಲ್ಲಿ ಸಿಗೋ ಸಡಿಲದಿಂದ ಕೊನೇ ಭಾಗ ಹೆಬ್ಬೆರಳಿಗೇ ಬರುತ್ತೆ. 20 ಪಿಎಸ್ಐ ಹಾಕಿ ನಿಲ್ಸಿ, ಸುತ್ತಲೂ ಟ್ಯೂಬ್ ಎಲ್ಲೂ ಬೀಡ್ ಕೆಳಗೆ ಸಿಕ್ಕಿಲ್ಲ ಅಂತ ನೋಡಿ, ರಿಮ್ಮಿನ ಅಂಚಲ್ಲಿರೋ ಸಣ್ಣ ಗೆರೆ ಎರಡೂ ಕಡೆ ಒಂದೇ ಸಮ ಕಾಣ್ತಿದ್ರೆ ಪೂರ್ತಿ ಗಾಳಿ ಹಾಕಿ.

ಎರಡೂ ಟೈರು ಒಟ್ಟಿಗೆ ಕೊಳ್ಳಬೇಕಿಲ್ಲ. ಸಾಮಾನ್ಯವಾಗಿ ಒಳ್ಳೇ ಟೈರು ಮುಂದೆ ಇರ್ಬೇಕು ಅಂತೀವಿ, ಯಾಕಂದ್ರೆ ಹಿಂದಿನದು ಒಡೆದ್ರೆ ಸಂಭಾಳಿಸಬಹುದು, ಮುಂದಿನದು ಒಡೆದ್ರೆ ಬೀಳ್ತೀರಿ. ಆದ್ರೆ ನಿಮ್ಮ ಮುಂದಿನ ಟೈರೂ ಹಿಂದಿನದರ ಜೊತೆಗೇ ಹಾಕಿದ್ದಾದ್ರೆ 1200 ಕಿ.ಮೀ. ಅಷ್ಟೇ ಓಡಿರುತ್ತೆ, ಆ ತಂತಿ ತೆಗೆದ್ಮೇಲೆ ಒಳಗೆ ಹೊರಗೆ ನೋಡಿ ದಾರ ಎಲ್ಲೂ ಕಡಿದಿಲ್ಲ ಅಂದ್ರೆ ಅಲ್ಲೇ ಇರ್ಲಿ. ತೂಕ ಜಾಸ್ತಿ ಬೀಳೋ ಹಿಂದಕ್ಕೆ ಹೊಸ 28 ಹಾಕಿ, ಮುಂದೆ 25 ಹಿಂದೆ 28 ಇದ್ರೆ ಏನೂ ತೊಂದ್ರೆ ಇಲ್ಲ. ಹಿಂದಿನದು ಬೇಗ ಸವೆಯುತ್ತೆ, ನಡುಮಧ್ಯ ಚಪ್ಪಟೆ ಆಗ್ತಾ ಬರುತ್ತೆ. ಕಾಂಟಿನೆಂಟಲ್ ಟೈರಿನ ಟ್ರೆಡ್ಡಲ್ಲಿ ಸೂಜಿ ಚುಚ್ಚಿದಂಗೆ ಎರಡು ಸಣ್ಣ ಕುಳಿ ಇರ್ತವೆ, ಅವು ಮಾಯ ಆದ ದಿನ ಅದನ್ನ ತೆಗೀರಿ, ಆಗ ಮುಂದಕ್ಕೂ 28 ತಗೊಳ್ಳಿ.